ಅಕ್ಷರಕ್ಕೆ ಮುಂಚಿನ ಪಾಠ

ಪ್ರತಿ ವರುಷವೂ ಜೂನ್ ತಿಂಗಳಲ್ಲಿ ಹಿರಿಯ ಮಗಳನ್ನು ನಮ್ಮ ಶಾಲೆಗೆ ಸೇರಿಸಲು ಬರುವ ತಾಯಂದಿರಲ್ಲಿ ಯಾರಾದರೊಬ್ಬರು ಕಂಕುಳಲ್ಲಿರುವ ಕಿರಿಯ ಕೂಸನ್ನು ತೋರಿಸಿ, “ಟೀಚರಮ್ಮಾ, ಇವಳಿಗೂ ಮನೆಯಲ್ಲೇ ಅ ಆ ಇ ಈ ಬರೆಸಿಬಿಡಲೇ? ಶಾಲೆಗೆ ಸೇರುವಷ್ಟರಲ್ಲಿ ಓದು ಬಂದಿರಬೇಕಲ್ಲವೇ?” ಎಂದು ಕೇಳುವುದುಂಟು. ಬೂದಿಗೆರೆಯ ಸುತ್ತಲಿನ ಊರುಗಳಲ್ಲಿ ಈ ಆತುರವು ಈಚೆಗೆ ಬಹಳವಾಗಿ ಹೆಚ್ಚಿದೆ. ರಾಗಿಯ ಹೊಲಗಳ ಮಗ್ಗುಲಲ್ಲೇ ಬಡಾವಣೆಗಳೆದ್ದಿವೆ; 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ಆರಂಭವಾದಂದಿನಿಂದ ಪಟ್ಟಣವೇ ನಮ್ಮ ಬಾಗಿಲಿಗೆ ಬಂದಂತಾಗಿದೆ. ತಮ್ಮ ಮಕ್ಕಳು ಹಿಂದೆ ಬೀಳಬಾರದೆಂಬ ಹೆತ್ತವರ ಕಳವಳವು ಸಹಜವಾದುದೇ. ಆದರೆ ಆ ಕಳವಳವು ಮೂರು ವರುಷದ ಕೂಸಿನ ಕೈಗೆ ಪೆನ್ಸಿಲನ್ನು ಕೊಟ್ಟು ಬಲವಂತವಾಗಿ ತಿದ್ದಿಸುವ ದಾರಿಯನ್ನು ಹಿಡಿದರೆ ಒಳಿತಿಗಿಂತ ಕೆಡುಕೇ ಹೆಚ್ಚೆಂಬುದು ನನ್ನ ಅಭಿಪ್ರಾಯವು.

ಇದನ್ನು ಪರರನ್ನು ದೂರುವುದಕ್ಕಾಗಿ ಹೇಳುತ್ತಿಲ್ಲ. ತರಬೇತು ಹೊಂದಿ ಉಪಾಧ್ಯಾಯಿನಿಯಾದ ಹೊಸತರಲ್ಲಿ ನಾನೇ ನನ್ನ ಅಕ್ಕನ ನಾಲ್ಕು ವರುಷದ ಮಗಳನ್ನು ದಿನವೂ ಒಂದು ಗಂಟೆ ಕುಳ್ಳಿರಿಸಿ ಅಕ್ಷರಗಳನ್ನು ತಿದ್ದಿಸಿದೆನು. ಎರಡು ತಿಂಗಳಲ್ಲಿ ಅವಳು ವರ್ಣಮಾಲೆಯನ್ನು ಬರೆದಳು, ನಾನು ಹಿಗ್ಗಿದೆನು. ಆದರೆ ಒಂದನೆಯ ತರಗತಿಯಲ್ಲಿ ‘ಮ’ವನ್ನೂ ‘ರ’ವನ್ನೂ ಬೇರೆ ಬೇರೆಯಾಗಿ ಗುರುತಿಸಿದ ಆ ಮಗುವು ಅವೆರಡನ್ನು ‘ಮರ’ ಎಂದು ಕೂಡಿಸಿ ಹೇಳಲಾರದೆ ಅತ್ತಿತು. ಪುಸ್ತಕವನ್ನು ಕಂಡರೆ ಅಡಿಗೆಮನೆಗೆ ಓಡಿ ಅವಿತುಕೊಳ್ಳುತ್ತಿತ್ತು. ನಾನು ಅದರ ಕಣ್ಣಿಗೂ ಕೈಗೂ ಪಾಠ ಹೇಳಿದ್ದೆನೇ ಹೊರತು ಕಿವಿಗೆ ಹೇಳಿರಲಿಲ್ಲ.

ನಮ್ಮ ಕನ್ನಡ ಲಿಪಿಯ ಸ್ವಭಾವವನ್ನು ಸ್ವಲ್ಪ ವಿಚಾರಿಸಿದರೆ ಈ ಮಾತು ಸ್ಪಷ್ಟವಾಗುವುದು. ವರ್ಣಮಾಲೆಯಲ್ಲಿ 49 ಅಕ್ಷರಗಳಿವೆಯೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ 34 ವ್ಯಂಜನಗಳಿಗೆ ಹದಿಮೂರು ಸ್ವರಗಳು ಕೂಡಿದಾಗ ಗುಣಿತಾಕ್ಷರಗಳು ನಾನೂರಕ್ಕೂ ಮಿಕ್ಕುತ್ತವೆ, ಒತ್ತಕ್ಷರಗಳು ಬೇರೆ. ಕನ್ನಡ ಮಕ್ಕಳ ಓದನ್ನು ಕುರಿತು ಬೆಂಗಳೂರಿನ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಅಕ್ಷರಜ್ಞಾನವು ಒಂದೇ ವರುಷದಲ್ಲಿ ಮುಗಿಯತಕ್ಕದ್ದಲ್ಲವೆಂದೂ, ಅದು ಪ್ರಾಥಮಿಕ ಶಾಲೆಯ ಹಲವು ತರಗತಿಗಳವರೆಗೆ ಬೆಳೆಯುತ್ತ ಹೋಗುವುದೆಂದೂ ತೋರಿಸಿದೆ. ಹೀಗಿರುವಲ್ಲಿ ಶಾಲೆಗೆ ಮುಂಚೆಯೇ ಅದನ್ನೆಲ್ಲ ತುಂಬಿಬಿಡುವೆವೆಂಬುದು ವ್ಯರ್ಥ ಪ್ರಯಾಸವಲ್ಲವೇ?

ಹಾಗಾದರೆ ಮನೆಯಲ್ಲಿ ಮಾಡತಕ್ಕದ್ದೇನು? ಆಡಿದ ಮಾತನ್ನು ಬಿಡಿಸಿ ಕೇಳುವ ಅಭ್ಯಾಸವನ್ನು ಮಾಡಿಸಬೇಕು. ‘ರಾಗಿ’ ಎಂದು ಹೇಳಿ ಎರಡು ಸಲ ಚಪ್ಪಾಳೆ ತಟ್ಟಿರಿ. ‘ಚಕ್ಕೋತ’ ಎಂದರೆ ಮೂರು ಸಲ. ‘ರಾ’ ಎಂದು ಮೊದಲಾಗುವ ಬೇರೆ ಮಾತು ಯಾವುದೆಂದು ಕೇಳಿರಿ. ರಾಜ, ರಾತ್ರಿ ಎಂದು ಮಗುವೇ ಹೇಳುವುದು. ಗಾಡಿ, ಕೋಡಿ, ಬೇಡಿ ಎಂದು ಕೊನೆ ಹೊಂದುವ ಮಾತುಗಳನ್ನು ಜೋಡಿಸಿ ನಗಿಸಿರಿ. ಶಿಶುಗೀತೆಗಳು ಮಾಡುವುದೂ ಈ ಕೆಲಸವನ್ನೇ. ಉಪಾಧ್ಯಾಯರಾಗಿಯೂ ಶಾಲಾ ಇನ್ಸ್‌ಪೆಕ್ಟರರಾಗಿಯೂ ಇದ್ದ ಪಂಜೆ ಮಂಗೇಶರಾಯರು (1874–1937) ಮಕ್ಕಳಿಗಾಗಿ ಪದ್ಯ ಕಟ್ಟಿದುದು ಬರಿಯ ವಿನೋದಕ್ಕಲ್ಲ. ಕಥೆ ಹೇಳಿರಿ, ನಡುವೆ ನಿಲ್ಲಿಸಿ “ಮುಂದೇನಾಯಿತು?” ಎಂದು ಕೇಳಿರಿ. ಚಿತ್ರದ ಪುಸ್ತಕವನ್ನು ತೊಡೆಯ ಮೇಲಿಟ್ಟು ಹಾಳೆ ತಿರುವಿಸಿರಿ. ಬಸ್ಸಿನ ಹಲಗೆಯ ಮೇಲೆ ‘ಹೊಸಕೋಟೆ’ ಎಂದು ಬರೆದಿರುವುದನ್ನು ಬೆರಳಿನಿಂದ ತೋರಿಸಿರಿ. ಬರೆಹವು ಮಾತಿನ ಗುರುತೆಂಬುದು ಆಗ ಅದಕ್ಕೆ ತಾನಾಗಿ ತಿಳಿಯುವುದು.

“ನಾವು ಓದಿದವರಲ್ಲ, ನಮ್ಮಿಂದೇನಾದೀತು?” ಎನ್ನುವ ತಾಯಂದಿರಿಗೆ ನಾನು ಹೇಳುವುದಿಷ್ಟೇ: ಮೇಲೆ ಹೇಳಿದವುಗಳಲ್ಲಿ ಹೆಚ್ಚಿನವಕ್ಕೆ ಓದು ಬೇಕಾಗಿಲ್ಲ, ನಾಲಗೆ ಸಾಕು. ಮನೆಯಲ್ಲಿ ತೆಲುಗನ್ನೋ ಉರ್ದುವನ್ನೋ ತಮಿಳನ್ನೋ ಆಡುವವರು ಆ ನುಡಿಯಲ್ಲೇ ಕಥೆ ಹೇಳಲಿ. ತಾಯ್ನುಡಿಯಲ್ಲಿ ಮಾತಿನ ಬಲ ಬೆಳೆದ ಮಗುವಿಗೆ ಎರಡನೆಯ ನುಡಿಯು ಸುಲಭವಾಗುವುದು. ಅರೆಬರೆಯಾದ ಇಂಗ್ಲಿಷ್ ಮಾತುಗಳಿಗಾಗಿ ಅಜ್ಜಿಯ ಕಥೆಯನ್ನು ಬಿಡಿಸುವುದು ನಷ್ಟದ ವ್ಯಾಪಾರವು.

ಇನ್ನು ಕೆಲವರು “ಅಂಗನವಾಡಿ ಇದೆಯಲ್ಲ” ಎನ್ನುತ್ತಾರೆ. 1975ರ ಅಕ್ಟೋಬರ್ 2ರಂದು ಮೊದಲಾದ ಶಿಶು ಅಭಿವೃದ್ಧಿ ಯೋಜನೆಯು ನಮ್ಮ ರಾಜ್ಯದಲ್ಲಿ ತಿರುಮಕೂಡಲು ನರಸೀಪುರದಿಂದ ಆರಂಭವಾಗಿ ಊರೂರಿಗೂ ಬಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಆರು ವರುಷದ ಮಕ್ಕಳ ಕಲಿಕೆಯನ್ನೂ ಶಿಕ್ಷಣದ ಅಡಿಪಾಯದೊಳಗೆ ಸೇರಿಸಿತು. ಇವು ಸಂತೋಷದ ವಿಷಯಗಳೇ. ಆದರೆ ಅಂಗನವಾಡಿಯ ಅಮ್ಮನ ಮೇಲೆ ಊಟ, ತೂಕ, ದಾಖಲೆಗಳ ಹೊರೆಯೂ ಇದೆ. ಆಕೆಯೊಬ್ಬಳು ಅಷ್ಟು ಮಕ್ಕಳಲ್ಲಿ ಒಂದೊಂದರ ಮಾತಿಗೂ ಎಷ್ಟೆಂದು ಕಿವಿಗೊಟ್ಟಾಳು?

ಆದುದರಿಂದ ಈ ಸಂಚಿಕೆಯನ್ನು ಓದುವ ನನ್ನ ವಿದ್ಯಾರ್ಥಿನಿಯರಿಗೆ ಒಂದು ವಿಜ್ಞಾಪನೆ. ತಾಯಿಯು ಕೆಲಸಕ್ಕೆ ಹೋದಾಗ ತಮ್ಮ ತಂಗಿಯರನ್ನು ನೋಡಿಕೊಳ್ಳುವವರು ನೀವೇ. ಅದನ್ನು ನಿಮ್ಮ ಓದಿಗೆ ಅಡ್ಡಿಯೆಂದು ನೀವು ಬೇಸರಪಡುವುದನ್ನು ನಾನು ಬಲ್ಲೆನು. ಆ ಹೊರೆಯು ನಿಮ್ಮೊಬ್ಬರದೇ ಆಗಬಾರದು, ಅಣ್ಣಂದಿರೂ ತಂದೆಯವರೂ ಅದನ್ನು ಹಂಚಿಕೊಳ್ಳತಕ್ಕದ್ದು. ಆದರೂ ಸಂಜೆ ಕಾಲು ಗಂಟೆ, ಬೈಯದೆ, ಪೆನ್ಸಿಲ್ ಕೊಡದೆ, ಒಂದು ಕಥೆಯನ್ನೂ ಒಂದು ಹಾಡನ್ನೂ ಆ ಕೂಸಿಗೆ ಕೊಡಿರಿ. ನನ್ನ ಅಕ್ಕನ ಮಗಳು ಪುಸ್ತಕಕ್ಕೆ ಮರಳಿದುದು ನನ್ನ ಪಾಠದಿಂದಲ್ಲ. ದಿನವೂ ರಾತ್ರಿ ಕಥೆ ಹೇಳಿದ, ಅಕ್ಷರವನ್ನೇ ಅರಿಯದ ನಮ್ಮ ತಾಯಿಯಿಂದ.