ಬೇರನ್ನು ನೋಡಿ ಬೀಜವನ್ನಾರಿಸಬೇಕು

ರಾಗಿಯ ಹೊಲದಲ್ಲಿ ಅವರೆ, ತೊಗರಿ, ಅಲಸಂದೆಗಳನ್ನು ಅಕ್ಕಡಿಸಾಲಾಗಿ ಬಿತ್ತುವ ಪದ್ಧತಿಯು ನಮ್ಮ ನಾಡಿನಲ್ಲಿ ಬಹು ಪುರಾತನವಾದುದು. ದ್ವಿದಳಧಾನ್ಯಗಳಿಂದ ಭೂಮಿಗೆ ಹಿತವಾಗುವುದೆಂಬುದನ್ನು ನಮ್ಮ ಹಿರಿಯರು ಅನುಭವದಿಂದ ಬಲ್ಲವರಾಗಿದ್ದರು. ಅದರ ಕಾರಣವನ್ನು ೧೮೮೮ರ ವೇಳೆಗೆ ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್ಫಾರ್ಟ್ ಎಂಬ ವಿದ್ವಾಂಸರು ಪ್ರಯೋಗಗಳಿಂದ ಸ್ಥಾಪಿಸಿದರು. ವಾಯುವಿನ ಐದು ಪಾಲಿನಲ್ಲಿ ಸುಮಾರು ನಾಲ್ಕು ಪಾಲು ಸಾರಜನಕವೇ ಆಗಿದ್ದರೂ ಪೈರು ಅದನ್ನು ನೇರವಾಗಿ ಬಳಸಲಾರದು. ದ್ವಿದಳ ಸಸ್ಯಗಳ ಬೇರಿನ ಗಂಟುಗಳಲ್ಲಿ ನೆಲೆಸುವ ಸೂಕ್ಷ್ಮಜೀವಿಗಳು ಅದನ್ನು ಹಿಡಿದು ಗಿಡಕ್ಕೆ ಒದಗಿಸುವುವು. ಗಿಡವು ಪ್ರತಿಯಾಗಿ ಅವುಗಳಿಗೆ ಸಕ್ಕರೆಯನ್ನು ಕೊಡುವುದು.

ಆದರೆ ಎಲ್ಲ ದ್ವಿದಳ ಪೈರುಗಳೂ ಈ ಕಾರ್ಯದಲ್ಲಿ ಸಮಾನವಲ್ಲ. ಸೋಯಾ ಅವರೆ, ನೆಲಗಡಲೆಗಳು ಇದರಲ್ಲಿ ಸಮರ್ಥವಾದುವು. ಬೀನ್ಸ್ ಎಂದು ಕರೆಯುವ ತಿಂಗಳಹುರುಳಿಯು ದುರ್ಬಲವಾದುದು. ಒಂದೇ ಪೈರಿನ ತಳಿ ತಳಿಗಳಲ್ಲಿಯೂ ಭೇದವುಂಟು. ಈ ಗುಣವು ಬೀಜದಿಂದ ಬೀಜಕ್ಕೆ ಬರುವುದಾದುದರಿಂದ, ಕಾಳಿನ ಗಾತ್ರವನ್ನು ಹೆಚ್ಚಿಸಿದಂತೆಯೇ ಆಯ್ಕೆಯಿಂದ ಇದನ್ನೂ ಹೆಚ್ಚಿಸಬಹುದು. ಹೀಗಿದ್ದರೂ ತಳಿ ಸುಧಾರಣೆಯಲ್ಲಿ ಇಳುವರಿಗೂ ರೋಗನಿರೋಧಕ್ಕೂ ದೊರೆತ ಗಮನವು ಬೇರಿಗೆ ದೊರೆತಿಲ್ಲ. ಮಣ್ಣಿನಲ್ಲಿ ಸಾರಜನಕವು ಯಥೇಚ್ಛವಾಗಿದ್ದರೆ ಗಿಡವು ಗಂಟುಗಳನ್ನು ಕಟ್ಟುವುದನ್ನೇ ಕಡಿಮೆಮಾಡುವುದು. ಆದುದರಿಂದ ಗೊಬ್ಬರವುಂಡ ತಾಕಿನಲ್ಲಿ ದುಡಿಯುವ ತಳಿಯೂ ಸೋಮಾರಿ ತಳಿಯೂ ಒಂದೇ ಹಸುರಾಗಿ ಕಾಣುವುವು. ಅಲ್ಲಿ ಆರಿಸಿದ ಸೋಮಾರಿ ತಳಿಯು ಬಡರೈತನ ಹೊಲದಲ್ಲಿ ಬಿಳಿಚಿಕೊಂಡರೆ ಆಶ್ಚರ್ಯವೇನು?

ಇದಕ್ಕೆ ಪರಿಹಾರವುಂಟೆಂಬುದನ್ನು ಪರದೇಶಗಳ ಅನುಭವವು ತೋರಿಸಿಕೊಟ್ಟಿದೆ. ಬ್ರೆಜಿಲ್ ದೇಶದಲ್ಲಿ ೧೯೬೦ರ ದಶಕದಲ್ಲಿ ಸೋಯಾ ಬೇಸಾಯವು ಹಬ್ಬುತ್ತಿದ್ದಾಗ, ಸಾರಜನಕದ ಗೊಬ್ಬರವನ್ನು ಹಾಕದೆ, ಸೂಕ್ಷ್ಮಜೀವಿಗಳನ್ನು ಮಾತ್ರ ನಂಬಿ ತಳಿಗಳನ್ನು ಆರಿಸಬೇಕೆಂದು ಯೊಹಾನ್ನ ಡೊಬರೈನರ್ ಎಂಬ ವಿದುಷಿಯು ವಾದಿಸಿದರು. ಆ ಮಾರ್ಗವನ್ನೇ ಹಿಡಿದ ಆ ದೇಶವು ಇಂದು ಜಗತ್ತಿನಲ್ಲಿಯೇ ಅತ್ಯಧಿಕವಾಗಿ ಸೋಯಾ ಬೆಳೆಯುತ್ತಿದ್ದು, ಆ ಪೈರಿಗೆ ಬಹುಮಟ್ಟಿಗೆ ಸಾರಜನಕದ ಗೊಬ್ಬರವನ್ನೇ ಹಾಕುವುದಿಲ್ಲ. ನೈಜೀರಿಯದ ಇಬಾಡನ್ ನಗರದಲ್ಲಿರುವ ಅಂತರರಾಷ್ಟ್ರೀಯ ಸಂಶೋಧನ ಸಂಸ್ಥೆಯವರು ಬೇರೊಂದು ಉಪಾಯವನ್ನು ಮಾಡಿದರು. ಅಮೆರಿಕೆಯ ಸೋಯಾ ತಳಿಗಳಿಗೆ ಸೂಕ್ಷ್ಮಜೀವಿಗಳನ್ನು ಪ್ರತ್ಯೇಕವಾಗಿ ಲೇಪಿಸಬೇಕಾಗಿತ್ತು. ಆಫ್ರಿಕದ ಬಡರೈತರಿಗೆ ಅದು ಸಿಕ್ಕುತ್ತಿರಲಿಲ್ಲ. ಆದಕಾರಣ ೧೯೭೦ರ ದಶಕದ ಕೊನೆಯಿಂದ, ಸ್ಥಳದ ಮಣ್ಣಿನ ಜೀವಿಗಳೊಡನೆಯೇ ಗಂಟುಕಟ್ಟುವ ತಳಿಗಳನ್ನು ಅವರು ಸಂಕರದಿಂದ ಪಡೆದರು.

ಗಂಟುಗಳಿಗೆ ಸಕ್ಕರೆಯು ವ್ಯಯವಾದರೆ ಕಾಳು ಕಡಿಮೆಯಾಗುವುದಿಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ೧೯೮೫ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಪ್ರಕಟಿಸಿದ ಸೋಯಾ ತಳಿಗಳು ಅನೇಕ ಪಾಲು ಹೆಚ್ಚು ಗಂಟುಗಳನ್ನು ಕಟ್ಟಿದರೂ ಬೆಳವಣಿಗೆಯಲ್ಲಿ ಹಿಂದೆ ಬಿದ್ದವು. ಇದರಿಂದ ಗ್ರಹಿಸತಕ್ಕ ಪಾಠವೇನೆಂದರೆ, ಗಂಟುಗಳ ಸಂಖ್ಯೆಯನ್ನಲ್ಲ, ಬಡ ನೆಲದಲ್ಲಿ ಬಂದ ಫಸಲನ್ನೂ ಅದರಲ್ಲಿ ಸೇರಿದ ಸಾರಜನಕವನ್ನೂ ಅಳೆದು ತಳಿಯನ್ನು ಆರಿಸಬೇಕು. ಎರಡೂ ಒಟ್ಟಿಗೆ ಸಾಧ್ಯವೆಂಬುದಕ್ಕೆ ಬ್ರೆಜಿಲ್ ದೇಶವೇ ಸಾಕ್ಷಿ.

ಆದುದರಿಂದ ನಮ್ಮ ತೊಗರಿ, ಕಡಲೆ, ಹೆಸರು, ಅಲಸಂದೆಗಳ ಪ್ರತಿಯೊಂದು ಹೊಸ ತಳಿಯನ್ನೂ ಬಿಡುಗಡೆಗೆ ಮುನ್ನ ಸಾರಜನಕದ ಗೊಬ್ಬರವಿಲ್ಲದ ತಾಕಿನಲ್ಲಿಯೂ ಪರೀಕ್ಷಿಸಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ. ಇದರಲ್ಲಿ ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ಮಾಡಬೇಕಾದ ಕಾರ್ಯವುಂಟು. ಯೂರಿಯ ಕಾಣದ ಐದು ಗುಂಟೆ ನೆಲವನ್ನು ಮೀಸಲಿಟ್ಟು ಹೊಸ ತಳಿಯನ್ನೂ ಊರಿನ ನಾಟಿ ತಳಿಯನ್ನೂ ಪಕ್ಕಪಕ್ಕದಲ್ಲಿ ಬಿತ್ತಿರಿ. ಹೂ ಬಿಡುವ ಕಾಲದಲ್ಲಿ ಕೆಲವು ಗಿಡಗಳನ್ನು ಕೀಳದೆ, ಅಗೆದು ತೆಗೆದು, ಬೇರನ್ನು ತೊಳೆದು ಗಂಟನ್ನು ಸೀಳಿ ನೋಡಿರಿ. ಒಳಗೆ ನಸುಗೆಂಪಾಗಿದ್ದರೆ ಗಂಟು ದುಡಿಯುತ್ತಿರುವುದು. ಬೆಳ್ಳಗೆ ಅಥವಾ ಹಸುರಾಗಿದ್ದರೆ ವ್ಯರ್ಥ. ನಾಟಿ ಬೀಜವನ್ನು ಕಳೆಯದಿರಿ. ಮುಂದಿನ ಸಂಕರಕ್ಕೆ ಬೇಕಾದ ಗುಣವು ಅದರಲ್ಲಿಯೇ ಅಡಗಿರಬಹುದು. ಕಾಳಿನೊಡನೆ ಹೊಟ್ಟು, ಸೊಪ್ಪು, ಬೇರುಗಳನ್ನೆಲ್ಲ ಹೊಲದಿಂದ ಸಾಗಿಸಿದರೆ ಎಂತಹ ತಳಿಯಿಂದಲೂ ಭೂಮಿಗೆ ಉಳಿಯುವುದು ಅತ್ಯಲ್ಪವೆಂಬುದನ್ನೂ ಮರೆಯಬಾರದು.

೪೫ ಕಿಲೋಗ್ರಾಂ ತೂಕದ ಯೂರಿಯ ಚೀಲದಲ್ಲಿರುವ ಸಾರಜನಕವು ಸುಮಾರು ೨೧ ಕಿಲೋಗ್ರಾಂ ಮಾತ್ರ. ಅದನ್ನು ಬೆಳೆ ಬೆಳೆಗೂ ಕೊಳ್ಳಬೇಕು. ಬೀಜದಲ್ಲಿ ನೆಲೆಗೊಳಿಸಿದ ಗುಣವಾದರೋ ಕೊಳ್ಳಲು ಶಕ್ತಿಯಿಲ್ಲದವನ ಹೊಲದಲ್ಲಿಯೂ ವರ್ಷ ವರ್ಷವೂ ದುಡಿಯುವುದು.