ಚೌಕಾಸಿಗೆ ಮುಂಚೆ ಒಂದ್ಸಲ ಒಳಗೆ ಬನ್ನಿ

ಅಕ್ಕನ ಮಗುವಿಗೆ ಒಂದು ಗಿಲಕಿ ತರಬೇಕಿತ್ತು. ಅಮ್ಮನಿಗೆ ಮೈಸೂರು ಸಿಲ್ಕ್ ಸೀರೆ ಕೊಡಿಸ್ತೀನಿ ಅಂತ ಎರಡು ವರ್ಷದಿಂದ ಹೇಳ್ತಾನೇ ಬಂದಿದ್ದೆ. ಹೋದ ತಿಂಗಳು ಒಂದು ಶುಕ್ರವಾರ ರಜೆ ಹಾಕಿ, ಎರಡೂ ಕೆಲಸ ಒಂದೇ ಓಡಾಟದಲ್ಲಿ ಮುಗಿಸೋಣ ಅಂತ ಅಮ್ಮನನ್ನ ಕರ್ಕೊಂಡು ಹೊರಟೆ. ಗಿಲಕಿ ಆರ್ಡರ್ ಮಾಡಿದ್ರೆ ಮನೆ ಬಾಗಿಲಿಗೇ ಬರುತ್ತೆ. ಸೀರೆ ಬೆಂಗಳೂರಲ್ಲೂ ಸಿಗುತ್ತೆ. ಆದರೆ ಅಮ್ಮನದು ಒಂದೇ ಹಟ: "ಮಾಡೋ ಜಾಗಕ್ಕೇ ಹೋಗಿ ತರೋಣ ಕಣೋ. ನಾನು ಒಂದ್ಸಲನೂ ನೋಡಿಲ್ಲ."

2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವನ್ನೂ ಪಕ್ಕಕ್ಕೆ ಬಿಟ್ಟು ಹೋಗುತ್ತೆ. ಅದರ ಮೇಲೆ ಹೋದರೆ ಒಂದು ಬೊಂಬೆಯೂ ಕಣ್ಣಿಗೆ ಬೀಳಲ್ಲ. ನಾವು ಹಳೇ ರಸ್ತೆ ಹಿಡಿದೆವು. ಚನ್ನಪಟ್ಟಣದಲ್ಲಿ ಮುಖ್ಯರಸ್ತೆಯ ದೊಡ್ಡ ಅಂಗಡಿಗಳನ್ನ ದಾಟಿ, ಕೇಳ್ಕೊಂಡು ಕೇಳ್ಕೊಂಡು ಒಂದು ಓಣಿಗೆ ಹೋದ್ವಿ. ಮುಂದಿನ ಕೋಣೆಯಲ್ಲಿ ಅಂಗಡಿ, ಹಿಂದಿನ ಕೋಣೆಯಿಂದ ಲೇತ್ ತಿರುಗೋ ಸದ್ದು.

ಹಿಡಿಯ ಸುತ್ತ ಎರಡು ಬಳೆ ಆಡೋ ಒಂದು ಗಿಲಕಿ ಇಷ್ಟ ಆಯ್ತು. ಅರಿಶಿನ ಬಣ್ಣ, ಮಧ್ಯೆ ಕೆಂಪು ಪಟ್ಟೆ. ಬೆಲೆ 350. ನಾನು ಫೋನ್ ತೆಗೆದು, ಅದೇ ಥರ ಕಾಣೋ ಒಂದನ್ನ ಹುಡುಕಿ, "ಆನ್‌ಲೈನಲ್ಲಿ 180 ಇದೆಯಲ್ಲ, 200ಕ್ಕೆ ಕೊಡಿ" ಅಂದೆ. ಅರವತ್ತರ ಹತ್ತಿರದ ಆ ಯಜಮಾನರು ಫೋನ್ ಕಡೆ ನೋಡಲೂ ಇಲ್ಲ. "ಆಗಲಿ ಸಾರ್, ಮಾತಾಡೋಣ. ಮೊದಲು ಒಂದ್ಸಲ ಒಳಗೆ ಬನ್ನಿ" ಅಂದರು.

ಒಳಗೆ ನೆಲ ಕಾಣ್ತಿರಲಿಲ್ಲ. ಕಾಲಿಟ್ಟಲ್ಲೆಲ್ಲ ಮರದ ಹೊಟ್ಟು. ಮೂಲೆಯಲ್ಲಿ ತಿಂಗಳುಗಟ್ಟಲೆ ಒಣಗಿಸಿಟ್ಟ ಹಾಲೆ ಮರದ ತುಂಡುಗಳು. ಬಿಳಿಯ, ಹಗುರವಾದ, ಉಳಿಗೆ ಸುಲಭವಾಗಿ ಸಿಗೋ ಮರ ಅದು. ಒಂದು ತುಂಡನ್ನ ಲೇತ್‌ಗೆ ಸಿಕ್ಕಿಸಿ ಅವರು ಉಳಿ ಹಿಡಿದರು. ನೋಡ್ತಾ ನೋಡ್ತಾ ಹಿಡಿ ಬಂತು, ಕತ್ತು ಬಂತು. ಬಳೆಗಳನ್ನ ಬೇರೆ ತುಂಡಿನಲ್ಲಿ ಕೊರೆದರು. ಮರಳುಕಾಗದದಲ್ಲಿ ಉಜ್ಜಿದರು. ಆಮೇಲೆ ಬಣ್ಣ ಕಲಸಿದ ಅರಗಿನ ಕಡ್ಡಿಯನ್ನ ತಿರುಗೋ ಮರಕ್ಕೆ ಒತ್ತಿದರು. ಬ್ರಷ್ಷೂ ಇಲ್ಲ, ಒಲೆಯೂ ಇಲ್ಲ. ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತೆ. ಕೊನೆಗೆ ತಾಳೆಗರಿಯ ಒಂದು ಪಟ್ಟಿಯನ್ನ ಅದರ ಮೇಲೆ ಹಿಡಿದರು. ಮಂಕಾಗಿದ್ದ ಬಣ್ಣ ಕ್ಷಣದಲ್ಲಿ ಕನ್ನಡಿ ಥರ ಹೊಳೆಯಿತು. ಅಮ್ಮ "ಅಯ್ಯೋ ಶಿವನೇ" ಅಂದೇಬಿಟ್ಟರು.

ಗಡಿಯಾರ ನೋಡ್ಕೊಳ್ಳೋದು ನನ್ನ ಚಾಳಿ. ಬಳೆ ಜೋಡಿಸಿ ಮುಗಿಯೋ ಹೊತ್ತಿಗೆ ಇಪ್ಪತ್ತೆರಡು ನಿಮಿಷ ಆಗಿತ್ತು. ಮರ ಒಣಗಿಸಿದ ತಿಂಗಳುಗಳು, ಕೈ ಪಳಗಿದ ವರ್ಷಗಳು ಆ ಲೆಕ್ಕದಲ್ಲಿಲ್ಲ. ನಾನು ಕಾಫಿ ಕುಡಿಯುತ್ತಾ ಒಂದು ಮೀಟಿಂಗ್‌ನಲ್ಲಿ ಸುಮ್ಮನೆ ತಲೆಯಾಡಿಸಿ ಕಳೆಯೋ ಸಮಯಕ್ಕಿಂತ ಅದು ಕಡಿಮೆ, ನಿಜ. ಆದರೆ ನನ್ನ ಅರ್ಧ ಗಂಟೆಗೆ ಕಂಪನಿ ಎಷ್ಟು ಕೊಡುತ್ತೆ ಅಂತ ನನಗೆ ಗೊತ್ತು. ಅವರ ಅರ್ಧ ಗಂಟೆಯ ಬೆಲೆಯಿಂದ 150 ಕಡಿಮೆ ಮಾಡಿ ಅಂತ ಕೇಳಿದ್ದೆ.

"ಮೊದಲು ರಸ್ತೆ ಮೇಲೆ ಹೋಗೋರು ಟೀಗೆ ಅಂತ ನಿಲ್ಲಿಸ್ತಿದ್ರು, ಮಕ್ಕಳು ಇಳಿದು ಬರ್ತಿದ್ರು. ಈಗ ಬರೋರು ಬೇಕು ಅಂತಲೇ ಬರಬೇಕು" ಅಂದರು ಅವರು. ದೂರೋ ಧ್ವನಿ ಇರಲಿಲ್ಲ. ಮಗ ಬಿಡದಿ ಕಡೆ ಫ್ಯಾಕ್ಟರಿ ಕೆಲಸಕ್ಕೆ ಹೋಗ್ತಾನಂತೆ. ಆ ನಾಲ್ಕು ಲೇತ್‌ಗಳಲ್ಲಿ ಅವತ್ತು ತಿರುಗುತ್ತಿದ್ದದ್ದು ಎರಡು. 350 ಕೊಟ್ಟೆ. ಕಣ್ಣೆದುರೇ ಮಾಡಿದ ಗಿಲಕಿಯನ್ನೇ ತಗೊಂಡೆ. ದೊಡ್ಡ ಉಪಕಾರ ಮಾಡಿದೆ ಅಂತ ಹೇಳ್ತಿಲ್ಲ. ಅದು ಅದರ ಬೆಲೆ, ಅಷ್ಟೇ.

ಹಾಗಂತ 'ಬನ್ನಿ, ಮಾಡೋದನ್ನ ನೋಡಿ' ಅಂತ ಕರೆಯೋ ಎಲ್ಲ ಜಾಗವನ್ನೂ ನಂಬಬೇಡಿ. ಕಳೆದ ವರ್ಷ ಒಂದು ಪ್ರವಾಸಿ ಊರಲ್ಲಿ ಟ್ಯಾಕ್ಸಿಯವನು ನಮ್ಮನ್ನ 'ಫ್ಯಾಕ್ಟರಿ'ಗೆ ಅಂತ ಕರ್ಕೊಂಡು ಹೋಗಿದ್ದ. ಬಾಗಿಲಲ್ಲಿ ಒಂದು ಮಗ್ಗ, ಅದರ ಮುಂದೆ ಒಬ್ಬ ಅಜ್ಜ. ನಾವು ಒಳಗೆ ಬಂದಾಗ ಅಜ್ಜ ನೇಯೋಕೆ ಶುರು ಮಾಡಿದರು, ಮುಂದಿನ ಕೋಣೆಗೆ ದಾಟಿದ ಕೂಡಲೇ ನಿಲ್ಲಿಸಿದರು. ಒಳಗೆ ಗುಡ್ಡೆ ಹಾಕಿದ್ದ ಶಾಲುಗಳು ಆ ಮಗ್ಗದ ಅಗಲಕ್ಕಿಂತ ದೊಡ್ಡವು. ಅದು ನನ್ನ ತಲೆಗೆ ಹೊಳೆದಿದ್ದು ದುಡ್ಡು ಕೊಟ್ಟು, ರೂಮಿಗೆ ಬಂದ ಮೇಲೆ.

ಅಂದಿನಿಂದ ಮೂರು ವಿಷಯ ಗಮನಿಸ್ತೀನಿ. ಒಂದು, ಒಳಗೆ ತಯಾರಾಗುತ್ತಿರೋದೇ ಹೊರಗೆ ಕಪಾಟಿನಲ್ಲಿ ಇದೆಯಾ? ಎರಡು, ನೆಲದ ಮೇಲೆ ಕಸ ಇದೆಯಾ? ನಿಜವಾಗಿ ಕೆಲಸ ನಡೆಯೋ ಜಾಗದಲ್ಲಿ ಹೊಟ್ಟು, ನೂಲಿನ ಚೂರು, ಕೆಟ್ಟುಹೋದ ತುಂಡು ಇದ್ದೇ ಇರುತ್ತೆ. ಮೂರು, ನಾವು ಹೋದಾಗ ಕೆಲಸ ಶುರುವಾಗುತ್ತಾ, ಅಥವಾ ಮೊದಲೇ ನಡೀತಾ ಇತ್ತಾ?

ಈ ಮೂರರಲ್ಲೂ ಪಾಸಾಗೋ ದೊಡ್ಡ ಜಾಗ ಮೈಸೂರಿನ ಮಾನಂದವಾಡಿ ರಸ್ತೆಯ ಸರ್ಕಾರಿ ರೇಷ್ಮೆ ನೇಯ್ಗೆ ಕಾರ್ಖಾನೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1912ರಲ್ಲಿ ಶುರುವಾಗಿದ್ದು. ಈಗ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ ನಡೆಸುತ್ತೆ. ಆವರಣದಲ್ಲೇ ಮಾರಾಟ ಮಳಿಗೆ ಇದೆ. ಕಾರ್ಖಾನೆಯೊಳಗೆ ಫೋಟೋ ತೆಗೆಯೋ ಹಾಗಿಲ್ಲ. ಅದು ಒಳ್ಳೇದೇ ಆಯ್ತು, ಕಣ್ಣಿಂದಲೇ ನೋಡಿದ್ವಿ.

ಮಗ್ಗಗಳ ಸದ್ದಿಗೆ ಅಲ್ಲಿ ಮಾತು ಕೇಳಿಸಲ್ಲ. ಅಮ್ಮ ನನ್ನ ಕಿವಿ ಹತ್ತಿರ ಬಂದು ಕೂಗಿದರು: "ಬಣ್ಣದ ಸೀರೆ ಎಲ್ಲಿ ನೇಯ್ತಾರೋ?" ಎಲ್ಲ ಮಗ್ಗದ ಮೇಲೂ ಬಿಳಿ ಬಟ್ಟೆ, ಅಂಚಲ್ಲಿ ಮಾತ್ರ ಜರಿ. ಹಸಿರು, ನೇರಳೆ, ಮಾವಿನಹಣ್ಣಿನ ಬಣ್ಣ ಎಲ್ಲ ಬರೋದು ನೇಯ್ದಾದ ಮೇಲೆ. ರೇಷ್ಮೆಯ ಅಂಟು ತೆಗೆದು, ಆಮೇಲೆ ಇಡೀ ಸೀರೆಗೆ ಬಣ್ಣ ಹಾಕ್ತಾರೆ. ನೇಯೋ ಮೊದಲೇ ನೂಲಿಗೆ ಬಿಗಿಯಾಗಿ ಹುರಿ ಕೊಟ್ಟಿರೋದರಿಂದ ಬಟ್ಟೆಗೆ ಆ ಕ್ರೇಪ್ ಜೋಲು ಬರುತ್ತೆ. ಮೈಸೂರು ಸಿಲ್ಕ್ ಉಟ್ಟವರಿಗೆ ಅದರ ಸುಖ ಗೊತ್ತು. ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ.

ಅಮ್ಮನ ಹತ್ತಿರ ಮದುವೆಗೆ ಕೊಟ್ಟ ಒಂದು ಮೈಸೂರು ಸಿಲ್ಕ್ ಇದೆ. ಮೂವತ್ತು ವರ್ಷದ ಮೇಲಾಯ್ತು. ವರ್ಷಕ್ಕೆರಡು ಸಲ ಮಡಿಕೆ ಬದಲಿಸಿ ಇಡ್ತಾರೆ. ಒಂದು ಮಗ್ಗದ ಮುಂದೆ ಅವರು ತುಂಬಾ ಹೊತ್ತು ನಿಂತರು. ಲಾಳಿ ಹೋಗಿ ಬಂದಂತೆಲ್ಲ ಬಟ್ಟೆ ಒಂದೊಂದು ಎಳೆಯಷ್ಟು ಮುಂದೆ ಬರ್ತಿತ್ತು. ನೂಲು ತುಂಡಾದಾಗ ಒಬ್ಬ ಹೆಂಗಸು ಮಗ್ಗ ನಿಲ್ಲಿಸಿ, ಕಣ್ಣಿಗೇ ಕಾಣದ ಎಳೆಯನ್ನ ಬೆರಳಲ್ಲೇ ಹುಡುಕಿ ಗಂಟು ಹಾಕಿ ಮತ್ತೆ ಓಡಿಸಿದರು. ಹೊರಗೆ ಬಂದ ಮೇಲೆ ಅಮ್ಮ ಹೇಳಿದ್ದು ಇಷ್ಟೇ: "ನಮ್ಮಪ್ಪ ಆ ಸೀರೆಗೆ ಸಾಲ ಮಾಡಿದ್ರು. ಅಷ್ಟೊಂದು ಯಾಕೆ ಕೊಟ್ರು ಅಂತ ಅವತ್ತು ಬೈದಿದ್ದೆ."

ಮಳಿಗೆಯಲ್ಲಿ ಅವರು ದುಬಾರಿ ಸೀರೆ ಆರಿಸಲಿಲ್ಲ. ಸಣ್ಣ ಅಂಚಿನ, ಕಾಫಿಪುಡಿ ಬಣ್ಣದ್ದು ತಗೊಂಡರು. ಪ್ರತಿ ಸೀರೆಗೂ ಅದರದೇ ಗುರುತಿನ ಸಂಖ್ಯೆ ಇರುತ್ತೆ. ಮನೆಗೆ ಬಂದ ಮೇಲೆ ಅದನ್ನ ನನಗೆ ಎರಡು ಸಲ ತೋರಿಸಿದರು.

ನೀವೂ ಹೋಗೋದಾದರೆ ಒಂದೆರಡು ಮಾತು. ಭಾನುವಾರ ಬೇಡ, ವಾರದ ದಿನ ಹೋಗಿ. ರೇಷ್ಮೆ ಕಾರ್ಖಾನೆಗೆ ಮುಂಚೆಯೇ ಫೋನ್ ಮಾಡಿ ಒಳಗೆ ಬಿಡುವ ಸಮಯ ಕೇಳ್ಕೊಳ್ಳಿ. ಚನ್ನಪಟ್ಟಣದಲ್ಲಿ ಮುಖ್ಯರಸ್ತೆಯಲ್ಲೇ ನಿಲ್ಲದೆ ಓಣಿಗೆ ಇಳಿಯಿರಿ, ಲೇತ್ ಸದ್ದು ಕೇಳಿದ ಕಡೆ ಹೋಗಿ. ಏನೂ ಕೊಳ್ಳದಿದ್ದರೂ ಯಾರೂ ಬೈಯಲ್ಲ. ಆದರೆ ಕೊಳ್ಳೋದಾದರೆ ಮೊದಲು ನೋಡಿ, ಆಮೇಲೆ ಬೆಲೆ ಕೇಳಿ. ನಾನು ಉಲ್ಟಾ ಮಾಡಿದ್ದೆ.

ಗಿಲಕಿ ಈಗ ಅಕ್ಕನ ಮಗನ ಬಾಯಲ್ಲಿದೆ. "ಎಷ್ಟು ಕೊಟ್ಟೆ?" ಅಂತ ಅಕ್ಕ ಕೇಳಿದಳು. ನಾನು ಬಾಯಿ ತೆರೆಯೋ ಮೊದಲೇ ಅಮ್ಮ ಲೇತ್, ಅರಗು, ತಾಳೆಗರಿ ಎಲ್ಲ ಕೈ ಆಡಿಸಿ ಹೇಳೋಕೆ ಶುರು ಮಾಡಿದರು. ಬೆಲೆಯ ವಿಷಯ ಅಲ್ಲೇ ಮರೆತುಹೋಯ್ತು.