ಉದ್ಯೋಗ ಮೇಳಕ್ಕೊಂದು ಪೀಠಿಕೆ

ನಮ್ಮ ಸೀಮೆಯಲ್ಲಿ ಮೇಳವೆಂದರೆ ಮೊದಲು ನೆನಪಾಗುವುದು ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮ. ಈಗ ಮನೆಮನೆಯಲ್ಲೂ ಇನ್ನೊಂದು ಮೇಳದ ಮಾತು ಕೇಳಿಬರುತ್ತಿದೆ. ಅದು ಉದ್ಯೋಗ ಮೇಳ. 2024ರ ಫೆಬ್ರವರಿ 26 ಮತ್ತು 27ರಂದು ರಾಜ್ಯ ಸರಕಾರವು ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಯುವ ಸಮೃದ್ಧಿ ಸಮ್ಮೇಳನ’ ಎಂಬ ಬೃಹತ್ ಮೇಳವನ್ನು ನಡೆಸಿತು. ಅದೇ ವರ್ಷದ ಜೂನ್ 7 ಮತ್ತು 8ರಂದು ಮೂಡುಬಿದಿರೆಯಲ್ಲಿ ‘ಆಳ್ವಾಸ್ ಪ್ರಗತಿ’ ನಡೆಯಿತು. ನನ್ನ ಶಿಷ್ಯರಾದ ನಿಮ್ಮಲ್ಲಿ ಹಲವರ ಮಕ್ಕಳು ಇಂತಹ ಮೇಳಗಳ ಸರತಿಯಲ್ಲಿ ನಿಲ್ಲುವ ವಯಸ್ಸಿನವರು. ಆದ್ದರಿಂದ ಈ ನಾಲ್ಕು ಮಾತು.

ಹಿಂದೆ ನಮ್ಮೂರ ಹುಡುಗರು ಮುಂಬಯಿಯ ಹೋಟೆಲುಗಳಿಗೆ ಹೊರಟಾಗ ಅವರ ಪರಿಚಯವನ್ನು ಬೇರೆಯವರು ಮಾಡಿಕೊಡುತ್ತಿದ್ದರು. ‘ಇಂಥವರ ಮಗ, ನಂಬಿಗಸ್ಥ’ ಎಂದು ಊರಿನ ಹಿರಿಯರೊಬ್ಬರು ಹೇಳಿದರೆ ಸಾಕಾಗುತ್ತಿತ್ತು. ಇಂದು ಆ ಹಿರಿಯರು ಜತೆಗಿಲ್ಲ. ಮೇಜಿನಾಚೆ ಕುಳಿತವರಿಗೆ ನಿಮ್ಮ ಮನೆತನ ತಿಳಿಯದು, ಊರೂ ತಿಳಿಯದು. ದೊರೆಯುವ ಕೆಲವೇ ನಿಮಿಷಗಳಲ್ಲಿ ತನ್ನ ಪರಿಚಯವನ್ನು ತಾನೇ ಮಾಡಿಕೊಳ್ಳಬೇಕು. ನಮ್ಮ ಮಕ್ಕಳು ಸೋಲುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ.

ಶುಭ್ರವಾದ ಉಡುಪು, ಅಂಕಪಟ್ಟಿಗಳ ಪ್ರತಿಗಳು, ಸಮಯಕ್ಕೆ ಮುಂಚೆ ತಲುಪುವುದು, ಇವೆಲ್ಲ ಅಗತ್ಯವೇ. ಆದರೆ ಇವನ್ನು ಎಲ್ಲರೂ ಮಾಡಿಕೊಂಡೇ ಬಂದಿರುತ್ತಾರೆ. ತೊಂದರೆಯಿರುವುದು ಬಾಯಿಪಾಠದಲ್ಲಿ. ‘ಪ್ರತಿಷ್ಠಿತ ಸಂಸ್ಥೆಯಲ್ಲಿ ಸವಾಲಿನ ಹುದ್ದೆ ಪಡೆದು ಅದರ ಏಳಿಗೆಗೆ ದುಡಿಯುವುದೇ ನನ್ನ ಧ್ಯೇಯ’ ಎಂಬ ವಾಕ್ಯವನ್ನು ಬೆಳಗ್ಗಿನಿಂದ ನೂರು ಬಾರಿ ಕೇಳಿದವರಿಗೆ ನೂರ ಒಂದನೆಯವನ ಮುಖ ನೆನಪಿರುವುದೆಂತು?

ಇತ್ತೀಚೆಗೆ ಹಳೆಯ ಶಿಷ್ಯನೊಬ್ಬನ ಮಗ ತನ್ನ ಬಯೋಡೇಟಾವನ್ನು ತಿದ್ದಿಕೊಡಿರೆಂದು ತಂದಿದ್ದ. ಅನುಭವವೆಂಬಲ್ಲಿ ‘ಇಲ್ಲ’ ಎಂದು ಬರೆದಿತ್ತು. ವಿಚಾರಿಸಿದರೆ, ಎರಡು ವರ್ಷಗಳಿಂದ ರಜೆಯ ದಿನಗಳಲ್ಲೆಲ್ಲ ಗಂಗೊಳ್ಳಿ ಬಂದರಿನಲ್ಲಿ ತಂದೆಯ ಜತೆ ನಿಂತು ಮೀನಿನ ಏಲಂನ ಲೆಕ್ಕ ಬರೆಯುತ್ತಿದ್ದಾನೆ! ಯಾವ ದೋಣಿಗೆ ಎಷ್ಟು, ಯಾರ ಬಾಕಿ ಎಷ್ಟು, ಎಲ್ಲವೂ ಗದ್ದಲದ ನಡುವೆ, ತಪ್ಪಿಲ್ಲದೆ. ವಾಣಿಜ್ಯ ಪದವೀಧರನಿಗೆ ಇದಕ್ಕಿಂತ ದೊಡ್ಡ ಅನುಭವ ಬೇಕೆ? ‘ಅದು ಮನೆಯ ಕೆಲಸ ಅಲ್ದಾ ಸರ್’ ಎಂದ. ಏನು ಕೇಳಿದರೂ ‘ಎಂತದೂ ಇಲ್ಲೆ’ ಎನ್ನುವ ನಮ್ಮ ಸಂಕೋಚ ಊರಿನಲ್ಲಿ ವಿನಯ. ಮೇಳದಲ್ಲಿ ಅದೇ ನಷ್ಟ.

ಇದಕ್ಕೆ ಮಾದರಿಯನ್ನು ಹೊರಗೆ ಹುಡುಕಬೇಕಾಗಿಲ್ಲ. ತಾಳಮದ್ದಳೆಯ ಅರ್ಥಧಾರಿಯು ಪೀಠಿಕೆಯಲ್ಲಿ ಏನು ಮಾಡುತ್ತಾನೆ? ತಾನು ಯಾರು, ಇಲ್ಲಿಯವರೆಗೆ ಏನು ನಡೆದಿದೆ, ಈಗ ಏನನ್ನು ಉದ್ದೇಶಿಸಿದ್ದೇನೆ ಎಂಬುದನ್ನು ಪ್ರಸಂಗಕ್ಕೆ ತಕ್ಕಂತೆ ಹೇಳುತ್ತಾನೆ. ಕರ್ಣನ ಪೀಠಿಕೆ ಕೃಷ್ಣನಿಗೆ ಹೊಂದದು. ಹಾಗೆಯೇ ಬ್ಯಾಂಕಿನವರ ಮುಂದೆ ಹೇಳುವ ಮಾತು ಆಸ್ಪತ್ರೆಯವರ ಮುಂದೆ ಸಲ್ಲದು. ಮೇಳಕ್ಕೆ ಬರುವ ಸಂಸ್ಥೆಗಳ ಪಟ್ಟಿ ಮೊದಲೇ ಸಿಕ್ಕರೆ, ನಾಲ್ಕೈದನ್ನು ಆರಿಸಿ ಅವು ಮಾಡುವ ಕೆಲಸವೇನೆಂದು ತಿಳಿದುಕೊಂಡು ಹೋಗಬೇಕು. ಪ್ರಸಂಗ ತಿಳಿಯದವನ ಅರ್ಥಗಾರಿಕೆ ಬಹಳ ಹೊತ್ತು ನಿಲ್ಲದು. ಪೀಠಿಕೆ ಅತಿಯಾಗಿ ಬೆಳೆದರೂ ಸಭೆ ಆಕಳಿಸುತ್ತದೆ. ಎದುರಾಳಿಯ ಮಾತನ್ನು ಕೇಳಿಸಿಕೊಳ್ಳದವನಿಗೆ ಉತ್ತರವೂ ಹೊಳೆಯದು.

ಇಂಗ್ಲಿಷಿನ ಭಯವೂ ಒಂದಿದೆ. ಇಂಗ್ಲಿಷ್ ಕಲಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತಾನು ಮಾಡಿದ ಕೆಲಸವನ್ನು ಹೇಳುವವನಿಗೆ ಸರಳ ವಾಕ್ಯಗಳೇ ಸಾಕು. ಮಾಡದ್ದನ್ನು ಹೇಳಹೊರಟವನಿಗೆ ಎಷ್ಟು ಇಂಗ್ಲಿಷ್ ಇದ್ದರೂ ಸಾಲದು. ಹೊರಡುವ ಮುನ್ನ ಮನೆಯವರ ಮುಂದೆ ನಾಲ್ಕು ಸಲ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಲಿ. ಇನ್ನೊಂದು ಎಚ್ಚರಿಕೆ: ಕೆಲಸ ಕೊಡಿಸುತ್ತೇನೆಂದು ಹಣ ಕೇಳುವವರ ಬಳಿ ಒಳ್ಳೆಯ ಹೆಸರು ಗಳಿಸುವ ಅಗತ್ಯವೇ ಇಲ್ಲ. ಅಲ್ಲಿಂದ ಎದ್ದು ಬರುವುದೇ ಜಾಣತನ.

ಕೊನೆಯ ಮಾತು ನಿಮ್ಮಲ್ಲಿ ಮೇಜಿನ ಆಚೆ ಬದಿಯಲ್ಲಿ ಕುಳಿತಿರುವವರಿಗೆ. ನಿಮ್ಮಲ್ಲಿ ಕೆಲವರು ಬೆಂಗಳೂರಿನ ಕಂಪೆನಿಗಳಲ್ಲಿ ಉದ್ಯೋಗಿಗಳನ್ನು ಆರಿಸುವ ಸ್ಥಾನದಲ್ಲಿದ್ದೀರೆಂದು ಬಲ್ಲೆ. ಬೈಂದೂರಿನಿಂದ ನಸುಕಿನಲ್ಲೇ ಬಸ್ಸು ಹತ್ತಿ ಬಂದು ತಲೆತಗ್ಗಿಸಿ ನಿಂತ ಹುಡುಗಿ ‘ಅನುಭವ ಇಲ್ಲ’ ಎಂದರೆ ಕಾಗದವನ್ನು ಬದಿಗಿಡಬೇಡಿ. ‘ಮನೆಯಲ್ಲಿ ಏನು ಕೆಲಸ ಮಾಡುತ್ತೀಯಮ್ಮ?’ ಎಂದು ಒಂದು ಪ್ರಶ್ನೆ ಹೆಚ್ಚು ಕೇಳಿ. ಹಿಂದೆ ಊರಿನ ಹಿರಿಯರು ಹೇಳುತ್ತಿದ್ದ ಆ ಒಂದು ಮಾತಿನ ಸ್ಥಾನವನ್ನು ಇಂದು ನಿಮ್ಮ ಆ ಪ್ರಶ್ನೆ ತುಂಬಬಲ್ಲುದು.

ಎಲ್ಲರ ಮಕ್ಕಳಿಗೂ ಶುಭವಾಗಲಿ.